ಕೌದಿಯ ಹೊಟ್ಟೆ

ಹತ್ತಿಮತ್ತೂರಿನ ಉಡಚವ್ವ ಒಂದು ಕಡೆ ಸುಮ್ಮನೆ ಕುಳಿತದ್ದನ್ನು ಕಂಡವರಿಲ್ಲ. ಕುಳಿತರೆ ಕೈಯಲ್ಲಿ ಸೂಜಿ ಇರುತ್ತಿತ್ತು, ಸೂಜಿ ಓಡುತ್ತಿದ್ದಾಗಲೂ ಕಾಲು ಅಲ್ಲಾಡುತ್ತಿತ್ತು. ಊಟದ ಮಧ್ಯೆ ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿ ಬಂದು ಮತ್ತೆ ತುತ್ತು ಮುರಿಯುವವಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರೇ ಮರುದಿನ ಹಳೆಯ ಸೀರೆಗಳ ಗಂಟು ಹೊತ್ತು ಅವಳ ಬಾಗಿಲಿಗೆ ಬರುತ್ತಿದ್ದರು. ಯಾಕೆಂದರೆ ಅವಳಂತೆ ಕೌದಿ ಹೊಲಿಯುವ ಕೈ ಸುತ್ತಲ ಊರುಗಳಲ್ಲಿ ಇನ್ನೊಂದಿರಲಿಲ್ಲ.

ಹರಿದ ಇಳಕಲ್ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಏನು ಕೊಟ್ಟರೂ ಪದರದ ಮೇಲೆ ಪದರ ಹಾಸಿ, ಸಾಲು ತಪ್ಪದ ಹೊಲಿಗೆ ಹಾಕಿ ಒಂದು ಹೊದಿಕೆ ಮಾಡಿ ಕೊಡುತ್ತಿದ್ದಳು. ಗಂಡ ಚೌಡಪ್ಪ ತೀರಿಕೊಂಡ ಮೇಲೆ ಮನೆ ನಡೆದದ್ದೂ ಮಗಳು ಸರೋಜವ್ವನ ಮದುವೆ ಆದದ್ದೂ ಈ ಸೂಜಿಯಿಂದಲೇ. ಆದ್ದರಿಂದ ಅವಳಿಗೆ ತನ್ನ ಕೌದಿಯ ಮೇಲೆ ತುಸು ಜಂಬವೂ ಇತ್ತು. ಇರಲಿ ಬಿಡಿ, ಜಂಬ ಪಡುವಂಥದ್ದೇ ಆಗಿತ್ತು.

ಕೌದಿ ಹೊಲಿಯುವ ಹೆಂಗಸರಲ್ಲಿ ಒಂದು ನೇಮವಿದೆ. ಕೊನೆಯ ಮೂಲೆ ಮುಚ್ಚುವ ಮೊದಲು ಕೌದಿಯ ಹೊಟ್ಟೆ ತುಂಬಿಸಬೇಕು. ಹೋಳಿಗೆಯ ಚೂರೋ, ಬೆಲ್ಲದ ಹರಳೋ, ಒಂದಿಷ್ಟು ಗೋದಿಯೋ ಒಳಗಿಟ್ಟು ಹೊಲಿದುಬಿಡಬೇಕು. ಕೌದಿ ಹಸಿದಿದ್ದರೆ ಹೊದ್ದವರ ಮನೆಯೂ ಹಸಿದಿರುತ್ತದೆ ಎಂದು ನಂಬಿಕೆ. ನಂಬಿಕೆಯೇನೋ ಚೆಂದ, ಆದರೆ ಇರುವೆಗಳಿಗೆ ಅದು ಇನ್ನೂ ಚೆಂದ. ಸಾವಿರದ ಒಂಬೈನೂರ ಎಪ್ಪತ್ನಾಲ್ಕರ ಸುಮಾರಿಗೆ ಹಾನಗಲ್ಲಿನ ಒಬ್ಬ ಬೆಲ್ಲದ ವ್ಯಾಪಾರಿಯ ಮನೆಯವರು ಮದುವೆಗೆಂದು ಉಡಚವ್ವನಿಂದ ಹೊಲಿಸಿದ್ದ ಕೌದಿ ಬಿಚ್ಚಿ ನೋಡಿದರೆ ಮೂಲೆಗಳೆಲ್ಲ ತೂತು ಬಿದ್ದು, ಒಳಗೆ ಕೆಂಪಿರುವೆಗಳು ಸಂಸಾರ ಹೂಡಿದ್ದವು. ಅವರು ಅದನ್ನು ತಂದು ಅವಳ ಕಟ್ಟೆಯ ಮೇಲೆ, ನಾಲ್ಕು ಜನರ ಎದುರಿಗೆ, ಝಾಡಿಸಿ ಹೋದರು. ಉಡಚವ್ವನ ಮಾನ ಮೂರಾಬಟ್ಟೆಯಾಯಿತು.

ಅವಳು ಅಂದೇ ಸವಣೂರಿಗೆ ಹೋದಳು. ಪೇಟೆಯಲ್ಲಿ ದಾರ, ಗುಂಡಿ ಮಾರುವ ಖಲಂದರ ಅವಳ ಗೋಳು ಕೇಳಿ, ಡಬ್ಬಿಯಿಂದ ಬಿಳಿ ಗುಳಿಗೆ ತೆಗೆದು ಕೈಗಿಟ್ಟ.

“ಡಾಂಬರ ಗುಳಿಗಿ ಇಡ್ರಿ ಅವ್ವಾರ. ಇರಬಿ ಅಲ್ಲ, ಇರಬಿ ಅಪ್ಪನೂ ಹಾಯೂದಿಲ್ಲ.”

ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಇಡುವ ಗುಳಿಗೆ ಅದು. ಡಬ್ಬಿಯ ಮೇಲೆ ನ್ಯಾಫ್ತಲೀನ್ ಎಂದು ಬರೆದಿರುತ್ತದೆ. ಉಳಿದವರು ಟ್ರಂಕಿನಲ್ಲಿಟ್ಟು ಸುಮ್ಮನಾಗುತ್ತಿದ್ದರು. ಉಡಚವ್ವ ಸುಮ್ಮನಾಗುವವಳೇ? ಗುಳಿಗೆಯನ್ನು ಕುಟ್ಟಿ, ಬೆಲ್ಲದ ಹರಳಿನ ಜೊತೆಗೆ ಕೌದಿಯ ಹೊಟ್ಟೆಗೇ ತುಂಬಿ ಹೊಲಿದಳು. ನೇಮವೂ ಉಳಿಯಿತು, ಕೌದಿಯೂ ಉಳಿಯಿತು. ಮುಂದೆ ಆ ಘಾಟು ವಾಸನೆಯೇ ಅವಳ ಗುರುತಾಯಿತು. ಉಡಚವ್ವನ ಕೌದಿಯನ್ನು ಕಣ್ಣು ಮುಚ್ಚಿ ಹೇಳಬಹುದು ಎನ್ನುತ್ತಿದ್ದರು. ವಾಸನೆ ಹೋಗಬಾರದೆಂದು ಹೊಸ ಕೌದಿಯನ್ನು ವರ್ಷದ ತನಕ ಒಗೆಯಬೇಡಿರೆಂದು ಅವಳೇ ತಾಕೀತು ಮಾಡುತ್ತಿದ್ದಳು.

ಸರೋಜವ್ವನನ್ನು ಹಿರೇಕೆರೂರಿಗೆ, ಕುಬೇರಪ್ಪನಿಗೆ ಕೊಟ್ಟಿದ್ದರು. ಎಪ್ಪತ್ತೇಳರಲ್ಲಿ ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸು, ಗುಂಡು ಗುಂಡಾಗಿತ್ತು. ಅಜ್ಜಿ ಮೊದಲೇ ಹೊಲಿದಿಟ್ಟ ಕೌದಿಯಲ್ಲಿ ಅದನ್ನು ಮಲಗಿಸಿದರು. ಎರಡು ದಿನಕ್ಕೆ ಕಣ್ಣು ಹಳದಿಯಾಯಿತು, ಮೈ ಅರಿಸಿನವಾಯಿತು. ಕಾಮಣಿ ಎಂದು ಯಾರೋ ಬೇರು ತೇಯ್ದು ಹಾಕಿದರು, ಯಾರೋ ಮಣಿಕಟ್ಟಿಗೆ ಕಾದ ಸೂಜಿಯಿಂದ ಚುಟಿಗೆ ಹಾಕಿದರು. ವಾರ ತುಂಬುವ ಮೊದಲೇ ಕೂಸು ಹೋಯಿತು.

ಹಿರೇಕೆರೂರಿನ ಬೀಗತಿ ಭರಮವ್ವ ಅಳುವುದನ್ನು ಮುಗಿಸಿ ಬಾಯಿ ತೆರೆದಳು. “ನಿಮ್ಮ ಮನಿ ಮಣ್ಣು ನಮ್ಮ ಕೂಸಿಗೆ ಹಿಡೀಲಿಲ್ಲ ನೋಡ್ರಿ” ಎಂದಳು. ಉಡಚವ್ವನೂ ಬಿಡಲಿಲ್ಲ. “ನಿಮ್ಮ ಮನಿ ದೇವ್ರಿಗೆ ಏನ ಹರಕಿ ತಪ್ಸೀರೋ, ನನ್ನ ಮಗಳ ಮಡ್ಲಾಗ ತಂದ ಇಟ್ರಿ” ಎಂದಳು. ಅಂದಿನಿಂದ ಇಬ್ಬರೂ ಎದುರಾದಾಗ ‘ಆರಾಮ ಅದೀರೇನ್ರಿ’ ಎನ್ನುತ್ತಿದ್ದರು, ಅದಕ್ಕಿಂತ ಒಂದು ಮಾತು ಹೆಚ್ಚು ಆಡುತ್ತಿರಲಿಲ್ಲ.

ಎಂಬತ್ತೊಂದರಲ್ಲಿ ಸರೋಜವ್ವ ಮತ್ತೆ ಬಸುರಾದಳು. ಈ ಸಲ ಹೆರಿಗೆ ಇಲ್ಲೇ ಎಂದು ಭರಮವ್ವ ಹೇಳಿ ಕಳಿಸಿದಳು. ತವರಿನವರಿಗೆ ಇದಕ್ಕಿಂತ ದೊಡ್ಡ ಅವಮಾನ ಏನಿದೆ? ಆದರೂ ಉಡಚವ್ವ ನುಂಗಿಕೊಂಡಳು. ಕೂಸು ಬದುಕಿದರೆ ಸಾಕು, ಎಲ್ಲಿ ಹುಟ್ಟಿದರೇನು ಎಂದು ಹೇಳಿಕೊಂಡಳು. ಹೇಳಿಕೊಂಡದ್ದು ಬಾಯಿ, ಕೇಳಲಿಲ್ಲ ಕಾಲು. ಒಳಗೆ ಹೊರಗೆ, ಒಳಗೆ ಹೊರಗೆ. ಹಿರೇಕೆರೂರಿನ ಕಡೆಯಿಂದ ಯಾರು ಬಂದರೂ ಬಸ್ ಸ್ಟ್ಯಾಂಡಿನಲ್ಲೇ ಅಡ್ಡಗಟ್ಟಿ ಕೇಳುತ್ತಿದ್ದಳು. ನಿದ್ದೆ ಬಿಟ್ಟು ಒಂದು ಕೌದಿ ಹೊಲಿಯತೊಡಗಿದಳು. ಟ್ರಂಕಿನ ತಳದಲ್ಲಿದ್ದ ತನ್ನ ಧಾರೆಯ ಸೀರೆಯನ್ನು ಅದಕ್ಕೆ ಹಾಕಿದಳು. ಈ ಕೂಸಿನ ಹತ್ತಿರ ಇರುವೆಯೂ ಸುಳಿಯಬಾರದು, ದೃಷ್ಟಿಯೂ ಸುಳಿಯಬಾರದು ಎಂದು ಒಂದು ಮೂಲೆಯ ಬದಲು ನಾಲ್ಕೂ ಮೂಲೆಗೆ ಗುಳಿಗೆಯ ಪುಡಿ ತುಂಬಿದಳು. ಅಷ್ಟು ಪ್ರೀತಿಯಿಂದ ಅವಳು ಬೇರೆ ಯಾವ ಕೌದಿಯನ್ನೂ ಹೊಲಿದಿರಲಿಲ್ಲ.

ಗಂಡು ಹುಟ್ಟಿತೆಂದು ಸುದ್ದಿ ಬಂದ ಮರುಬೆಳಗ್ಗೆಯೇ ಕೌದಿಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಬಸ್ ಹತ್ತಿದಳು. ಸವಣೂರು, ಹಾವೇರಿ, ಅಲ್ಲಿಂದ ಹಿರೇಕೆರೂರು. ಪ್ರತಿ ಸ್ಟ್ಯಾಂಡಿನಲ್ಲೂ ಕಂಡಕ್ಟರನಿಗೆ ‘ಇನ್ನ ಎಷ್ಟೊತ್ತರಿ’ ಎಂದು ಕೇಳಿ ಬೈಸಿಕೊಂಡಳು. ಹೋಗಿ ನೋಡಿದರೆ ಕೂಸು ತೊಟ್ಟಿಲಲ್ಲಿ ಕೆಂಪಗೆ ಗಟ್ಟಿಮುಟ್ಟಾಗಿ ಕೈಕಾಲು ಬಡಿಯುತ್ತಿತ್ತು. ಉಡಚವ್ವನಿಗೆ ಎದೆ ತುಂಬಿ ಬಂತು. ಭರಮವ್ವ ಕೌದಿ ಬಿಡಿಸಿ ಮೂಸಿ, “ವಾಸನಿ ಚಂದ ಐತಿ ಬೀಗತಿ, ಗುಂಗಾಡ ಸುದ್ದಾ ಕಚ್ಚಾಕ ಬರೂದಿಲ್ಲ” ಎಂದಳು. ನಾಲ್ಕು ವರ್ಷದ ಮೇಲೆ ಅವರಿಬ್ಬರ ನಡುವೆ ಹುಟ್ಟಿದ ಮೊದಲ ಒಳ್ಳೆಯ ಮಾತು ಅದು. ಕೂಸಿಗೆ ಎಣ್ಣೆ ತಿಕ್ಕಿ, ಎರೆದು, ಲೋಬಾನದ ಹೊಗೆ ಹಾಕಿ, ಮತ್ತೆ ಎಣ್ಣೆ ಸವರಿ, ಕೌದಿಯಲ್ಲಿ ಸುತ್ತಿದರು.

ಮೂರನೆಯ ದಿನ ಸಂಜೆ ಸರೋಜವ್ವ ಕೂಗಿದಳು. ಕೂಸಿನ ಒದ್ದೆ ಬಟ್ಟೆ ಕರಿ ಚಹಾದ ಬಣ್ಣಕ್ಕೆ ತಿರುಗಿತ್ತು. ಕಣ್ಣ ಬಿಳಿಯಲ್ಲಿ ಹಳದಿ, ತುಟಿಯಲ್ಲಿ ರಕ್ತವೇ ಇಲ್ಲ. ಮೊಲೆ ಹಿಡಿಯಲಿಲ್ಲ, ಅಳುವುದಕ್ಕೂ ತ್ರಾಣವಿಲ್ಲ.

ಭರಮವ್ವ ಉಡಚವ್ವನ ಮುಖವನ್ನೇ ದಿಟ್ಟಿಸಿದಳು. “ನೀ ಬರೂ ಮಟ ನನ್ನ ಮೊಮ್ಮಗ ಛಲೋ ಇದ್ದ. ನೀ ಕಾಲ ಇಟ್ಟಿ, ಹಿಂಗಾತು. ಅಲ್ಲೂ ನೀನ, ಇಲ್ಲೂ ನೀನ.”

ಉಡಚವ್ವ ಬಗ್ಗಿ ಕೂಸಿನ ಕೌದಿ ಸರಿಪಡಿಸಿದಳು. ಬೀಗತಿಯ ಮಾತಿನಲ್ಲಿ ಹುರುಳಿದೆಯೇನೋ ಎಂಬ ಭಯ ಆಗಲೇ ಒಳಗೆ ಹೊಕ್ಕಿತ್ತು.

ಊರಿನ ಡಾಕ್ಟರು ನೋಡಿ, ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಈಗಲೇ ಹೊರಡಿ ಎಂದರು. ಕುಬೇರಪ್ಪ ಬಾಡಿಗೆ ಜೀಪು ತಂದ, ಭರಮವ್ವನೂ ಸೇರಿ ಎಲ್ಲರೂ ಹತ್ತಿದರು. ತಿಳವಳ್ಳಿ ದಾಟಿ ಹಾನಗಲ್ಲಿಗೆ ಬರುವಷ್ಟರಲ್ಲಿ ಗಾಳಿ ಥಂಡಿಯಾಯಿತು. ಮಗಳ ಮಡಿಲಿನ ಕೂಸಿಗೆ ಗಾಳಿ ತಾಗಬಾರದೆಂದು ಉಡಚವ್ವ ಕೌದಿಯನ್ನು ಮೂಗಿನ ತನಕ ಎಳೆದು ಮತ್ತೆ ಮತ್ತೆ ಬಿಗಿಯಾಗಿ ಸುತ್ತಿದಳು. ಶಿಗ್ಗಾಂವಿಯ ರಸ್ತೆಯ ಕುಳಿಗಳಲ್ಲಿ ಜೀಪು ಎತ್ತಿ ಹಾಕಿದಾಗಲೆಲ್ಲ ಕೌದಿ ಸಡಿಲಾಯಿತೇನೋ ಎಂದು ಮುಟ್ಟಿ ನೋಡುತ್ತಿದ್ದಳು.

ಆ ಕೌದಿಯೊಳಗೆ ಆಗ ನಡೆಯುತ್ತಿದ್ದದ್ದನ್ನು ಇಲ್ಲೇ ಹೇಳಿಬಿಡುವುದು ಮೇಲು. ಕಬ್ಬಿಣಕ್ಕೆ ತುಕ್ಕು ಹಿಡಿಸುವ ಆಮ್ಲಜನಕವೇ ನಮ್ಮನ್ನು ಬದುಕಿಸುವುದೂ ಹೌದು. ಮೈಯ ಪ್ರತಿ ಜೀವಕೋಶವೂ ಅದನ್ನು ಉಂಡು ಬದುಕುತ್ತದೆ, ಅದರ ಕಿಡಿಯಿಂದಲೇ ಸುಡಿಸಿಕೊಳ್ಳುತ್ತದೆ. ಅದಕ್ಕೆಂದು ಒಳಗೊಂದು ಕಾವಲು ಇದೆ, ಗ್ಲುಟಥಯೋನ್ ಎಂಬ ಸಣ್ಣ ವಸ್ತು. ಕಿಡಿ ಹಾರಿದರೆ ಮೇಲೆ ಬಿದ್ದು ಆರಿಸುತ್ತದೆ, ಆರಿಸಿದ ಮೇಲೆ ತಾನೇ ದಣಿದು ಕೂರುತ್ತದೆ. ದಣಿದವುಗಳ ಸಂಖ್ಯೆ ಏರಿದರೆ ಅದೇ ಜೀವಕೋಶಕ್ಕೆ ಅಪಾಯದ ಸುದ್ದಿ. ಸುದ್ದಿ ಮುಟ್ಟಿದ ಕೂಡಲೇ ಒಂದು ಕಿಣ್ವ ಚುರುಕಾಗಿ, ಸಕ್ಕರೆಯ ಒಂದು ಪಾಲನ್ನು ಬೇರೆ ದಾರಿಗೆ ಎಳೆದು, ಅದರ ಬಲದಿಂದ ದಣಿದ ಕಾವಲನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತದೆ. ಬೇರೆ ಜೀವಕೋಶಗಳು ಇನ್ನೂ ಮುಂದೆ ಹೋಗಿ, ತಮ್ಮ ಕೇಂದ್ರಕ್ಕೆ ಸುದ್ದಿ ಕಳಿಸಿ ಹೊಸ ಕಾವಲನ್ನೇ ತಯಾರಿಸಿಕೊಳ್ಳುತ್ತವೆ. ಕೆಂಪು ರಕ್ತಕಣಕ್ಕೆ ಆ ಭಾಗ್ಯವಿಲ್ಲ, ಅದಕ್ಕೆ ಕೇಂದ್ರವೇ ಇಲ್ಲ. ತಂದ ಬುತ್ತಿಯಲ್ಲೇ ಕೊನೆತನಕ ಬಾಳುವೆ ಮಾಡಬೇಕು.

ಈ ಕೂಸಿನ ರಕ್ತಕಣಗಳಲ್ಲಿ ಆ ಕಿಣ್ವವೇ ಸೊರಗಿತ್ತು. ಗುಳಿಗೆಯ ಆವಿ ಉಸಿರಿನಿಂದಲೂ ಎಣ್ಣೆ ಸವರಿದ ಚರ್ಮದಿಂದಲೂ ಒಳಹೊಕ್ಕು, ರೂಪ ಬದಲಿಸಿ, ರಕ್ತದಲ್ಲಿ ಕಿಡಿ ಹಾರಿಸುತ್ತಿತ್ತು. ಅಪಾಯದ ಸುದ್ದಿ ಮುಟ್ಟುತ್ತಿತ್ತು, ಏಳಬೇಕಾದ ಕೈ ಏಳುತ್ತಿರಲಿಲ್ಲ. ಕಣಗಳು ಒಡೆದು, ಅವುಗಳ ಕೆಂಪು ಮೂತ್ರದಲ್ಲಿ ಕಪ್ಪಾಗಿಯೂ ಕಣ್ಣಲ್ಲಿ ಹಳದಿಯಾಗಿಯೂ ಹೊರಬೀಳುತ್ತಿತ್ತು. ಉಡಚವ್ವ ಕೌದಿಯನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದಳು.

ದವಾಖಾನೆಯಲ್ಲಿ ಮಕ್ಕಳ ಡಾಕ್ಟರು ಒಬ್ಬ ಹೆಂಗಸು, ಎಲ್ಲರೂ ಬಾಯಾರು ಎನ್ನುತ್ತಿದ್ದರು. ಕೂಸನ್ನು ಮುಟ್ಟುವ ಮೊದಲೇ ಅವರ ಮೂಗು ಅರಳಿತು.

“ಇದೇನ ವಾಸನಿ?”

“ನನ್ನ ಕೌದೀದರಿ” ಎಂದಳು ಉಡಚವ್ವ. ಆ ಹೊತ್ತಿನಲ್ಲೂ ದನಿಯಲ್ಲಿ ಒಂದೆಳೆ ಹೆಮ್ಮೆ ಇತ್ತು. “ಒಳಗ ಡಾಂಬರ ಗುಳಿಗಿ ಕುಟ್ಟಿ ಹಾಕೇನ್ರಿ, ನಾಕೂ ಮೂಲಿಗೆ.”

ಬಾಯಾರು ಕೌದಿಯನ್ನು ಬಿಚ್ಚಿ ನರ್ಸಿನ ಕೈಗೆ ಕೊಟ್ಟು, ಕಟ್ಟಡದ ಹೊರಗೆ ಹಾಕಿಸಿದರು. ಕೂಸಿನ ಮೈಯನ್ನು ಸಾಬೂನು ಹಚ್ಚಿ ತೊಳೆಸಿದರು. ಆಮೇಲೆ ಬೇಗ ಬೇಗ ಕೇಳತೊಡಗಿದರು. ಇದಕ್ಕೆ ಮೊದಲು ಹುಟ್ಟಿದ ಯಾವ ಕೂಸಿಗಾದರೂ ಹೀಗೇ ಆಗಿತ್ತೇ? ತಾಯಿಯ ಕಡೆ ಯಾವ ಗಂಡಸಿಗಾದರೂ, ಚಳಿಜ್ವರದ ಗುಳಿಗೆ ನುಂಗಿದ ಮೇಲೆ, ಮೂತ್ರ ಕಪ್ಪಗೆ ಹೋಗಿತ್ತೇ?

ಉಡಚವ್ವನಿಗೆ ಅಣ್ಣ ಗುಡ್ಡಪ್ಪ ನೆನಪಾದ. “ನಮ್ಮ ಅಣ್ಣಗ ಆಗಿತ್ರಿ. ಮಲೇರಿಯಾದವ್ರು ಗುಳಿಗಿ ಕೊಟ್ಟ ಹ್ವಾದ ಮ್ಯಾಲ, ಹಳದಿ ಆಗಿ ಸಾಯಾಂಗ ಆಗಿದ್ದ.”

ಕೂಸಿನ ರಕ್ತ ತೆಗೆದು ಹೊಸ ರಕ್ತ ಹಾಕಬೇಕು, ಸ್ವಲ್ಪ ಸ್ವಲ್ಪವಾಗಿ ಅದಲು ಬದಲು ಮಾಡಬೇಕು ಎಂದರು ಬಾಯಾರು. ಉಡಚವ್ವ ಆಗಲೇ ಕುಪ್ಪಸದ ತೋಳು ಮೇಲೆ ಸರಿಸಿ ಕೈ ಚಾಚಿ ನಿಂತಿದ್ದಳು.

“ನಂದ ತಗೋರಿ ಬಾಯಾರ. ಎಷ್ಟ ಬೇಕ ಅಷ್ಟ ತಗೋರಿ. ಪೂರಾ ತಗೋರಿ.”

“ನಿಂದು ಬ್ಯಾಡವ್ವಾ.”

“ಯಾಕ್ರಿ? ಮುದಿಕಿ ಅಂತ ಮಾಡೀರೇನು? ಗಟ್ಟಿ ಅದೇನ್ರಿ ನಾನು.”

ಬಾಯಾರು ಅವಳ ಚಾಚಿದ ಕೈಯನ್ನು ಹಿಡಿದು ಕೆಳಗಿಳಿಸಿದರು. “ಕೇಳ ಇಲ್ಲೆ. ಈ ಕೂಸಿನ ರಕ್ತದಾಗ ಒಂದ ಕೊರತಿ ಐತಿ ಅಂತ ಕಾಣ್ತದ. ಕಿಡಿ ಬಿದ್ದದ್ದು ಗೊತ್ತಾಗತದ, ಆರಸಾಕ ಶಕ್ತಿ ಇಲ್ಲ. ಅದು ತಾಯಿಂದ ಬರ್ತದ, ತಾಯಿಗೆ ಬಹುಶಃ ನಿನ್ನಿಂದ. ನಿಮಗ ಹೆಣ್ಣಮಕ್ಕಳಿಗೆ ಏನೂ ತ್ರಾಸ ಕೊಡೂದಿಲ್ಲ, ಗಂಡಮಕ್ಕಳಿಗೆ ಕೊಡತದ. ಹಂಗ ಬಿಟ್ರ ಇವ ಆರಾಮ ಬೆಳೀತಿದ್ದ. ಆ ಗುಳಿಗಿ ಕಿಡಿ ಹಚ್ಚೇತಿ. ಅದಕ್ಕ ನಿನ್ನ ರಕ್ತ ಬ್ಯಾಡ, ಮಗಳದೂ ಬ್ಯಾಡ. ಅಪ್ಪಂದು ಹೊಂದತದೇನ ನೋಡ್ತೇನಿ.”

ಕುಬೇರಪ್ಪನ ರಕ್ತ ಹೊಂದಿತು. ಅವನು ಒಳಗೆ ಹೋದ. ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಸರೋಜವ್ವ, ಅವಳ ಪಕ್ಕದಲ್ಲಿ ಭರಮವ್ವ. ಉಡಚವ್ವ ಮಾತ್ರ ಆ ಉದ್ದನೆಯ ಪಡಸಾಲೆಯಲ್ಲಿ ಹೋಗುತ್ತಿದ್ದಳು, ಬರುತ್ತಿದ್ದಳು. ಅವಳ ರಕ್ತದ ದೋಷ, ಅವಳ ಕೈಯ ಗುಳಿಗೆ. ಎರಡನ್ನೂ ಅವಳೇ ತಂದು ಒಂದೇ ಕೂಸಿನ ಮೇಲೆ ಹಾಕಿದ್ದಳು. ನಿಂತರೆ ಆ ಮಾತು ಮೈಮೇಲೆ ಬರುತ್ತಿತ್ತು. ಅದಕ್ಕೇ ನಡೆಯುತ್ತಿದ್ದಳು.

“ಯವ್ವಾ” ಎಂದಳು ಸರೋಜವ್ವ. “ಮೊದಲನೇ ಕೂಸಿನ ಕೌದ್ಯಾಗೂ ಗುಳಿಗಿ ಇತ್ತೇನು?”

ಉಡಚವ್ವ ನಿಂತಳು. “ಇತ್ತವ್ವಾ.”

ಸರೋಜವ್ವ ಗೋಡೆಯ ಕಡೆ ತಿರುಗಿದಳು. ಮುಖ ಈಚೆ ಮಾಡದೆಯೇ, “ನೀ ಊರಿಗೆ ಹೋಗು” ಎಂದಳು.

ಈಗ ಭರಮವ್ವ ಬಾಯಿ ಮಾಡುತ್ತಾಳೆ ಎಂದು ಯಾರಾದರೂ ಅಂದುಕೊಳ್ಳಬೇಕು. ಆ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡು ಇಷ್ಟೇ ಅಂದಳು: “ಎರಡ ರಾತ್ರಿ ಅದ ಕೌದ್ಯಾಗ ಸುತ್ತಿ ಮಗ್ಗಲಾಗ ಹಾಕ್ಕೊಂಡ ಮಲಗಿದಾಕಿ ನಾನು. ವಾಸನಿ ಚಂದ ಐತಿ ಅಂದಾಕೀನೂ ನಾನ.” ಬೈದಿದ್ದರೆ ಉಡಚವ್ವನಿಗೆ ಸಲೀಸಾಗುತ್ತಿತ್ತು. ಬೈಯದ್ದರಿಂದ ಅಳು ಒತ್ತರಿಸಿ ಬಂತು.

ಕೂಸು ಉಳಿಯಿತು. ಎರಡು ಸಲ ರಕ್ತ ಬದಲಿಸಬೇಕಾಯಿತಂತೆ, ನೀಲಿ ದೀಪದ ಕೆಳಗೆ ಮಲಗಿಸಿದರಂತೆ, ನಾಲ್ಕನೆಯ ದಿನ ಮೊಲೆ ಹಿಡಿಯಿತಂತೆ. ಎಲ್ಲ ‘ಅಂತೆ’ಯೇ, ಯಾಕೆಂದರೆ ಉಡಚವ್ವ ಇರಲಿಲ್ಲ. ಕುಬೇರಪ್ಪ ಹೇಳಿ ಕಳಿಸಿದ್ದು ಅದು. ಅವಳು ಮನೆಯಲ್ಲಿಯೂ ಇರಲಿಲ್ಲ.

ಹತ್ತಿಮತ್ತೂರಿಗೆ ಬಂದಿಳಿದಾಗ ಅವಳಿಗೆ ಮೊದಲು ಹೊಳೆದದ್ದು ತಾನು ಹೊಲಿದ ಇಷ್ಟು ವರ್ಷದ ಕೌದಿಗಳು. ಎಷ್ಟು ಮನೆ, ಎಷ್ಟು ತೊಟ್ಟಿಲು! ಯಾರ ರಕ್ತದಲ್ಲಿ ಏನಿದೆ ಎಂದು ಯಾರಿಗೆ ಗೊತ್ತು? ಅಣ್ಣನ ಹೆಣ್ಣುಮಕ್ಕಳಿಗೂ ಅವಳೇ ಕೌದಿ ಕೊಟ್ಟಿದ್ದಳು. ಒಂದು ಬ್ಲೇಡು, ಸೂಜಿ ದಾರ ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟಳು. ಮೊದಲು ಗುಡ್ಡಪ್ಪನ ಮಕ್ಕಳ ಮನೆ, ಆಮೇಲೆ ಬಾಣಂತಿಯರಿದ್ದ ಮನೆ, ಬಸುರಿಯರಿದ್ದ ಮನೆ, ಆಮೇಲೆ ಎಲ್ಲ ಮನೆ. ಮೂಲೆ ಬಿಚ್ಚುವುದು, ಪುಡಿ ಝಾಡಿಸುವುದು, ಕೌದಿಯನ್ನು ತೊಳೆದು ಬಿಸಿಲಿಗೆ ಹಾಕಿಸುವುದು, ಮೂಲೆ ಹೊಲಿಯುವುದು, ಮುಂದಿನ ಊರಿನ ಬಸ್ ಹಿಡಿಯುವುದು.

ಜನ ಏನೆಂದಾರು? ಮುದುಕಿಗೆ ತಲೆ ಕೆಟ್ಟಿತು ಎಂದರು. ಕೂಸಿನ ದೆವ್ವ ಬಡಿದಿದೆ ಎಂದರು. ಯಲವಿಗಿಯಲ್ಲಿ ಒಬ್ಬಳು ಬಾಗಿಲು ಹಾಕಿಕೊಂಡಳು. ಶಿಗ್ಗಾಂವಿಯ ಹತ್ತಿರದ ಒಂದು ಹಳ್ಳಿಯಲ್ಲಿ ಮಂಜವ್ವ ಎಂಬಾಕೆ ಬಸುರಿ ಸೊಸೆಗೆಂದು ತಾನೇ ಹೊಲಿದ ಕೌದಿ ತೋರಿಸಿ, “ನಿನ್ನ ನೋಡೇ ಕಲತೇನಿ ಉಡಚವ್ವಾ, ನಾನೂ ಗುಳಿಗಿ ಹಾಕೇನಿ” ಎಂದು ನಕ್ಕಳು. ಉಡಚವ್ವ ಆ ಕೌದಿಯನ್ನೂ ಎಳೆದುಕೊಂಡು ಮೂಲೆ ಬಿಚ್ಚಿದಳು. ತನ್ನ ಕೌದಿಗಳಿಗಾದರೂ ಲೆಕ್ಕ ಸಿಕ್ಕೀತು, ನೋಡಿ ಕಲಿತವರ ಲೆಕ್ಕ ಎಲ್ಲಿಂದ ತರುವುದು? ಸವಣೂರಿನಲ್ಲಿ ಖಲಂದರನ ಮುಂದೆ ನಿಂತು, ಕೌದಿಗೆಂದು ಕೇಳಿದವರಿಗೆ ಗುಳಿಗೆ ಕೊಡಬೇಡ ಎಂದು ಆಣೆ ಹಾಕಿಸಿಕೊಂಡಳು. ಅವನು ಗಲ್ಲ ಮುಟ್ಟಿಕೊಂಡು ‘ತೋಬಾ’ ಎಂದ.

ಕೆಲವರು ಕೇಳುತ್ತಿದ್ದರು, ಯಾಕೆ ಎಂದು. ಅವಳು ಸುತ್ತಿ ಬಳಸಿ ಹೇಳುತ್ತಿರಲಿಲ್ಲ. “ಇದರಿಂದ ನನ್ನ ಒಂದ ಮೊಮ್ಮಗ ಸತ್ತಾನ, ಇನ್ನೊಂದ ಸಾಯಾಂಗ ಆಗಿದ್ದ” ಎನ್ನುತ್ತಿದ್ದಳು. ಹಾಗೆಂದ ಮೇಲೆ ಕೌದಿ ಬಿಚ್ಚಲು ಬಿಡದವರೇ ಕಡಿಮೆ. ಹೊಸ ಕೌದಿ ಹೊಲಿಯಿರೆಂದು ಮಾತ್ರ ಯಾರೂ ಬರಲಿಲ್ಲ. ಹಿರೇಕೆರೂರಿಗೆ ಅವಳೂ ಹೋಗಲಿಲ್ಲ, ಅಲ್ಲಿಂದ ಕರೆಯೂ ಬರಲಿಲ್ಲ. ಕೂಸಿಗೆ ಏನು ಹೆಸರಿಟ್ಟರೆಂದು ಬಸ್ಸಿನಲ್ಲಿ ಯಾರಿಂದಲೋ ತಿಳಿದುಕೊಂಡಳು.

ಆ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಹಾನಗಲ್ಲಿನ ಕಡೆಯವರು ತಾವಾಗಿಯೇ ಒಂದು ಚಕ್ಕಡಿಯಲ್ಲಿ ಕೌದಿಗಳನ್ನು ಹೇರಿ ತಂದು ಅವಳ ಅಂಗಳದಲ್ಲಿ ಇಳಿಸಿ ಹೋದರು. ಮರುದಿನ ಬೆಳಗಿನಿಂದ ಉಡಚವ್ವ ಬಿಚ್ಚುತ್ತ ಕೂತಿದ್ದಳು. ಬೆರಳುಗಳೆಲ್ಲ ಪುಡಿ, ಉಗುರಿನ ಸಂದಿಯಲ್ಲಿ ಪುಡಿ, ಸೀರೆಯ ಮಡಿಲಿನಲ್ಲಿ ಪುಡಿ. ಯಾರೋ ಅಂಗಳಕ್ಕೆ ಬಂದು ನಿಂತರು. ತಲೆ ಎತ್ತಿದರೆ ಸರೋಜವ್ವ. ಸವಣೂರಿನ ಬಸ್ಸಿಳಿದು ಬಂದಿದ್ದಳು. ಕಂಕುಳಲ್ಲಿ ಕೂಸು, ಮೈ ತುಂಬಿಕೊಂಡು ಕೆಂಪಗಿತ್ತು.

ಉಡಚವ್ವನಿಗೆ ಏಳಲೂ ತೋಚಲಿಲ್ಲ, ಕೂರಲೂ ತೋಚಲಿಲ್ಲ.

“ಊರೆಲ್ಲಾ ತಿರಗಾಕತ್ತೀ ಅಂತ. ಬಸ್ಸಿನಾಗ ಮಂದಿ ನಗತಾರ” ಎಂದಳು ಸರೋಜವ್ವ. ದನಿ ಇನ್ನೂ ಬಿರುಸಾಗಿಯೇ ಇತ್ತು. “ಒಬ್ಬಾಕಿ ಎಷ್ಟ ಬಿಚ್ಚತಿ? ಬ್ಲೇಡ ಕೊಡ ಇಲ್ಲೆ. ಹಿಡಿ ಇವನ್ನ.”

ಕಂಕುಳಿನಿಂದ ಕೂಸನ್ನು ಬಿಡಿಸಿ ಎರಡೂ ಕೈಯಿಂದ ಮುಂದೆ ಚಾಚಿದಳು. ಕೂಸು ಕಾಲು ಜಾಡಿಸುತ್ತ ಅಜ್ಜಿಯ ಮುಖ ನೋಡಿತು. ಉಡಚವ್ವನ ಕೈಗಳು ತಾವಾಗಿ ಮುಂದೆ ಹೋದವು. ಅರ್ಧಕ್ಕೆ ಹೋಗಿ ನಿಂತವು. ಅವಳು ಸರಕ್ಕನೆ ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡು, ಎದ್ದು ಹಿಂದೆ ಹಿಂದೆ ಸರಿದಳು, ಗೋಡೆಗೆ ಬೆನ್ನು ತಾಗುವ ತನಕ.

“ಬ್ಯಾಡ, ಬ್ಯಾಡ, ತರಬ್ಯಾಡ ಹತ್ರ. ಕೈಯಾಗೆಲ್ಲಾ ಅದ ಐತಿ.”

“ತೊಳಕೊಂಡ ಬಾ” ಎಂದಳು ಸರೋಜವ್ವ.

ಉಡಚವ್ವ ಬಚ್ಚಲಿಗೆ ಓಡಿದಳು. ಸಾಬೂನು ಹಚ್ಚಿ ತೊಳೆದಳು, ಮೂಸಿ ನೋಡಿದಳು. ಸೀಗೆಪುಡಿ ಹಾಕಿ ತಿಕ್ಕಿದಳು, ಮೂಸಿದಳು. ಬೂದಿ ಹಾಕಿ ತಿಕ್ಕಿ, ತೆಂಗಿನ ನಾರಿನಿಂದ ಉಜ್ಜಿ, ಅಂಗೈ ಕೆಂಪಾಗಿ ಉರಿಯತೊಡಗಿದ ಮೇಲೆ ಮತ್ತೆ ಮೂಸಿದಳು. ಹೋಗಿದೆಯೋ ಇಲ್ಲವೋ ಅವಳ ಮೂಗಿಗೇ ತಿಳಿಯದಾಗಿತ್ತು. ಅಷ್ಟು ವರ್ಷ ಅದೇ ವಾಸನೆಯಲ್ಲಿ ಬದುಕಿದ ಮೂಗು ಅದು.

“ಸರೋಜಾ” ಎಂದು ಒಳಗಿನಿಂದಲೇ ಕೂಗಿದಳು, ಅಳುತ್ತ. “ನನಗ ತಿಳೀವಲ್ದು. ಹೋಗೇತೋ ಇಲ್ಲೋ ನನಗ ತಿಳೀವಲ್ದು.”

ಸರೋಜವ್ವ ಕೂಸನ್ನು ಅಂಗಳದಲ್ಲಿ ದೂರ, ಬೇವಿನ ನೆರಳಲ್ಲಿ, ತಾನೇ ತಂದ ಬಟ್ಟೆಯ ಮೇಲೆ ಮಲಗಿಸಿ ಬಚ್ಚಲ ಬಾಗಿಲಿಗೆ ಬಂದಳು. ಅವ್ವನ ಎರಡೂ ಒದ್ದೆ ಕೈಗಳನ್ನು ಹಿಡಿದೆತ್ತಿ ತನ್ನ ಮುಖಕ್ಕೆ ಒತ್ತಿಕೊಂಡು ಮೂಸಿದಳು.

“ಇನ್ನ ಐತಿ” ಎಂದಳು. “ಬಾ, ನಾ ತೊಳೀತೇನಿ.”